ಅಟ್ಟದಿಂದ ಇಳಿದ ರೇಡಿಯೊ

ಕೇಳುಗರಿಗೆ ನಮಸ್ಕಾರ.

ಕೆಲವು ವರ್ಷಗಳ ಹಿಂದೆ ಹೊಳಲ್ಕೆರೆ ಕಡೆಯ ರೈತರೊಬ್ಬರು ದಾವಣಗೆರೆಯ ನನ್ನ ಅಂಗಡಿಗೆ ಒಂದು ವಾಲ್ವ್ ರೇಡಿಯೊ ತಂದರು, ಟ್ರಾನ್ಸಿಸ್ಟರ್ ಬರುವ ಮೊದಲಿನ ಗಾಜಿನ ವಾಲ್ವುಗಳ ಸೆಟ್ಟು. ತಂದೆ ತೀರಿಕೊಂಡ ಮೇಲೆ ಇಪ್ಪತ್ತೈದು ವರ್ಷ ಅಟ್ಟದಲ್ಲೇ ಇತ್ತಂತೆ. ಡಯಲ್ ಗಾಜಿನ ಮೇಲೆ 444 ಮೀಟರಿನ ಹತ್ತಿರ ಕೆಂಪು ಬಣ್ಣದ ಸಣ್ಣ ಗೆರೆ. ಅದು ಭದ್ರಾವತಿ ಕೇಂದ್ರದ ಜಾಗ, 675 ಕಿಲೋಹರ್ಟ್ಸ್. "ಅಪ್ಪ ಎಳೆದಿದ್ದು ಸರ್" ಅಂದರು.

ಆದರೆ ಇಲ್ಲಿಗೆ ತರುವ ಮೊದಲು ಮನೆಯಲ್ಲಿ ಪ್ಲಗ್ ಹಾಕಿ ನೋಡಿದ್ದರು. ಒಂದೆರಡು ನಿಮಿಷ ಗುಂಯ್ ಅಂದಿದೆ, ಆಮೇಲೆ ಹೊಗೆ. ಸುಟ್ಟಿದ್ದು ಟ್ರಾನ್ಸ್‌ಫಾರ್ಮರ್, ಸುಡಿಸಿದ್ದು ಫಿಲ್ಟರ್ ಕಂಡೆನ್ಸರ್.

ಪುಸ್ತಕದಲ್ಲಿ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಅಂತಾರೆ, ನಮ್ಮ ಅಂಗಡಿಗಳಲ್ಲಿ ಕಂಡೆನ್ಸರ್. ಡಿ.ಸಿ. ಕರೆಂಟಿನ ಏರಿಳಿತವನ್ನು ಸಮ ಮಾಡುವುದು ಇದರ ಕೆಲಸ. ಡಬ್ಬಿಯೊಳಗೆ ಅಲ್ಯೂಮಿನಿಯಂ ಹಾಳೆಗಳು, ನಡುವೆ ರಾಸಾಯನಿಕ ದ್ರವದಲ್ಲಿ ನೆನೆದ ಕಾಗದ. ವೋಲ್ಟೇಜನ್ನು ತಡೆದು ನಿಲ್ಲಿಸುವುದು ಕಾಗದವಲ್ಲ, ಹಾಳೆಯ ಮೇಲೆ ಕೂತಿರುವ ಆಕ್ಸೈಡ್ ಪದರ. ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತಲೂ ತೆಳು. ಕಾರ್ಖಾನೆಯಲ್ಲಿ ಕರೆಂಟು ಹಾಯಿಸಿಯೇ ಅದನ್ನು ಬೆಳೆಸುತ್ತಾರೆ. ವರ್ಷಗಟ್ಟಲೆ ಕರೆಂಟು ಕಾಣದಿದ್ದರೆ ಪದರ ಅಲ್ಲಲ್ಲಿ ಸವೆಯುತ್ತದೆ. ನೀರಿಲ್ಲದೆ ಬಿರುಕು ಬಿಟ್ಟ ಕೆರೆ ಏರಿಯ ಹಾಗೆ. ಒಂದೇ ಸಲ ಹಳ್ಳ ನುಗ್ಗಿದರೆ ಏರಿ ಒಡೆಯುತ್ತದೆ. ನೀರು ನಿಧಾನ ಏರಿದರೆ ಮಣ್ಣು ನೆನೆದು ಕೂಡಿಕೊಳ್ಳುತ್ತದೆ.

ಕಂಡೆನ್ಸರಿಗೂ ಹಾಗೆ ನಿಧಾನವಾಗಿ ವೋಲ್ಟೇಜು ಏರಿಸುವುದಕ್ಕೆ ರೀಫಾರ್ಮಿಂಗ್ ಅಂತ ಹೆಸರು. ನಾನು ಅದನ್ನು ಸರ್ಕ್ಯೂಟಿನಿಂದ ಬಿಡಿಸಿ, ಬೇರೆ ಡಿ.ಸಿ. ಸಪ್ಲೈನಿಂದ 47 ಕಿಲೋಓಮ್ ರೆಸಿಸ್ಟರ್ ಮೂಲಕ ಕೊಡುತ್ತೇನೆ. ಶುರು 50 ವೋಲ್ಟಿಗೆ. ಮೀಟರು ರೆಸಿಸ್ಟರಿನ ಎರಡು ತುದಿಗೆ. ಅಲ್ಲಿ 47 ವೋಲ್ಟು ತೋರಿಸಿದರೆ ಒಂದು ಮಿಲಿಆಂಪಿಯರ್ ಸೋರುತ್ತಿದೆ ಅಂತ ಅರ್ಥ. ಸೋರಿಕೆ ಇಳಿದ ಮೇಲೇ ಮುಂದಿನ ಮೆಟ್ಟಿಲು. ಕೆಲವಕ್ಕೆ ಎರಡು ದಿನ ಬೇಕು. ಆ ಎರಡು ದಿನ ಕೊಡಲೇಬೇಕು, ಅವಸರದವರಿಗೆ ಇದು ಆಗುವ ಕೆಲಸವಲ್ಲ. ಸೋರಿಕೆ ಇಳಿಯದೇ ನಿಂತರೆ, ಅಥವಾ ಸಪ್ಲೈ ತೆಗೆದು, ಒಳಗೆ ಉಳಿದ ಕರೆಂಟು ಖಾಲಿ ಮಾಡಿ (ಡಿಸ್ಚಾರ್ಜ್) ಮುಟ್ಟಿದಾಗ ಡಬ್ಬಿ ಬೆಚ್ಚಗಿದ್ದರೆ, ಅದರ ಆಸೆ ಬಿಡಿ.

ಡಿಸ್ಚಾರ್ಜ್ ಮಾಡದೆ ಕೈಯಿಡಬೇಡಿ. ಸ್ವಿಚ್ ಆರಿಸಿದ ಮೇಲೂ 300 ವೋಲ್ಟು ಒಳಗೇ ಕೂತಿರಬಹುದು. ಟ್ರಾನ್ಸ್‌ಫಾರ್ಮರ್ ಇಲ್ಲದ ಎ.ಸಿ.-ಡಿ.ಸಿ. ಸೆಟ್ಟುಗಳಲ್ಲಂತೂ ಚಾಸಿಯೇ, ಅಂದರೆ ಒಳಗಿನ ಲೋಹದ ಚೌಕಟ್ಟೇ, ನೇರ ಮೇನ್ಸಿಗೆ ಸೇರಿರುತ್ತದೆ. ಮಕ್ಕಳನ್ನು ಹತ್ತಿರ ಬಿಡಬೇಡಿ.

ಒಳಗಿನ ದ್ರವವೇ ಒಣಗಿದ್ದರೆ ಯಾವ ರೀಫಾರ್ಮಿಂಗೂ ನಡೆಯದು. ಡಬ್ಬಿಯ ಮೇಲೆ ಸಾಮರ್ಥ್ಯ 32 ಮೈಕ್ರೊಫ್ಯಾರಡ್ ಅಂತ ಬರೆದಿರುತ್ತದೆ, ಅಳೆದರೆ ಹತ್ತು. ಸ್ಪೀಕರಿನಲ್ಲಿ 100 ಹರ್ಟ್ಸಿನ ಹಮ್, ಆ ಗುಂಯ್ ಅನ್ನುವ ಸದ್ದು, ನಿಲ್ಲುವುದಿಲ್ಲ. ಬಿಸಿ ಇದರ ದೊಡ್ಡ ಶತ್ರು: ಹತ್ತು ಡಿಗ್ರಿ ಹೆಚ್ಚಾದರೆ ಆಯಸ್ಸು ಸುಮಾರು ಅರ್ಧಕ್ಕಿಳಿಯುತ್ತದೆ. ನಮ್ಮ ಬಯಲುಸೀಮೆಯ ಏಪ್ರಿಲ್, ಪಕ್ಕದಲ್ಲೇ ಕಾದ ವಾಲ್ವು, ಮೇಲೆ ಹೆಂಚಿನ ಅಟ್ಟ; ಹೇಗೆ ಉಳಿದೀತು?

ಎಲ್ಲ ಕಿತ್ತು ಹೊಸದು ಹಾಕಿ ಅನ್ನುವ ಮೆಕ್ಯಾನಿಕ್‌ಗಳಿದ್ದಾರೆ. ದಿನಾ ಹಾಡಬೇಕಾದ ಸೆಟ್ಟಿಗೆ ಅದೇ ಸರಿ, ನಾನೂ ಒಪ್ಪುತ್ತೇನೆ. ಆದರೆ ಹಳೆಯ ಡಬ್ಬಿಯನ್ನು ಎಸೆಯಲು ನನಗೆ ಮನಸ್ಸು ಬಾರದು. ಅದರ ವೈರು ಬಿಡಿಸಿ, ಚಾಸಿಯ ಮೇಲೆ ಇದ್ದ ಹಾಗೇ ಬಿಟ್ಟು, ಹೊಸದನ್ನು ಅಡಿಯಲ್ಲಿ ಕೂರಿಸುತ್ತೇನೆ.

ಹೊಳಲ್ಕೆರೆಯ ಸೆಟ್ಟಿನ ಡಬ್ಬಿಯಲ್ಲಿ ಎರಡು ಕಂಡೆನ್ಸರ್ ಒಟ್ಟಿಗಿದ್ದವು. ಒಂದು ಪೂರ್ತಿ ಶಾರ್ಟ್. ಇನ್ನೊಂದು ಒಂದೂವರೆ ದಿನದಲ್ಲಿ ಎದ್ದಿತು. ಟ್ರಾನ್ಸ್‌ಫಾರ್ಮರ್ ರೀವೈಂಡ್ ಆಗಿ ಬಂದ ದಿನ ಅವರನ್ನು ಕರೆಸಿದೆ. ಸ್ವಿಚ್ ಹಾಕಿದೆವು. ವಾಲ್ವುಗಳು ಕೆಂಪಗಾದವು, ಹಮ್ ಇಲ್ಲ. ಮುಳ್ಳನ್ನು ಅವರೇ ತಿರುಗಿಸಿ, ಅಪ್ಪ ಎಳೆದ ಗೆರೆಯ ಮೇಲೆ ತಂದು ನಿಲ್ಲಿಸಿದರು. ಭದ್ರಾವತಿ ಬಂತು.