ಕೆಲಸಕ್ಕೆ ಕರೆಸಿಕೊಂಡ ರಾಜರು

ನಮಸ್ಕಾರ. ರಾಜಮನೆತನ ಅಂದ ತಕ್ಷಣ ನಾವು ರಕ್ತ, ವಂಶ, ಪರಂಪರೆ ಅಂತ ಶುರು ಮಾಡುತ್ತೇವೆ, ಅಲ್ವಾ? ಸ್ವೀಡನ್ ಇತಿಹಾಸ ಓದಿದ ಮೇಲೆ ನನಗೆ ಆ ಮಾತಿನಲ್ಲಿ ನಂಬಿಕೆ ಹೋಗಿದೆ. ಇವತ್ತು ಅಲ್ಲಿರುವ ಬರ್ನಡಾಟ್ ಮನೆತನದ ಮೊದಲ ರಾಜ ಸ್ವೀಡನ್ನಿನವನೇ ಅಲ್ಲ. ದಕ್ಷಿಣ ಫ್ರಾನ್ಸಿನ ಪೋ ಅನ್ನುವ ಊರಿನ ವಕೀಲರೊಬ್ಬರ ಮಗ. 1780ರಲ್ಲಿ ಸಾಮಾನ್ಯ ಸಿಪಾಯಿಯಾಗಿ ಸೇನೆ ಸೇರಿದವನು.

ಹಾಗಾದರೆ ಇವನಿಗೆ ಸಿಂಹಾಸನ ಸಿಕ್ಕಿದ್ದು ಹೇಗೆ? 1809ರಲ್ಲಿ ರಷ್ಯಾ ಜೊತೆಗಿನ ಯುದ್ಧದಲ್ಲಿ ಫಿನ್ಲೆಂಡ್ ಸ್ವೀಡನ್ನಿನ ಕೈತಪ್ಪುತ್ತಿತ್ತು. ಸೇನಾಧಿಕಾರಿಗಳು ಸಿಟ್ಟಿಗೆದ್ದು ರಾಜನನ್ನೇ ಕೆಳಗಿಳಿಸಿದರು. ಅವನ ಚಿಕ್ಕಪ್ಪ ಹದಿಮೂರನೇ ಕಾರ್ಲ್ ಪಟ್ಟಕ್ಕೆ ಬಂದ. ವಯಸ್ಸಾಗಿತ್ತು, ಪಟ್ಟಕ್ಕೆ ಮಕ್ಕಳಿಲ್ಲ. ಡೆನ್ಮಾರ್ಕ್ ಕಡೆಯ ರಾಜಕುಮಾರನೊಬ್ಬನನ್ನು ಉತ್ತರಾಧಿಕಾರಿ ಮಾಡಿಕೊಂಡರೆ, ಅವನು 1810ರ ಮೇ ತಿಂಗಳಲ್ಲಿ ಕುದುರೆಯಿಂದ ಬಿದ್ದು ಸತ್ತ. ವಿಷ ಹಾಕಿದ್ದಾರೆ ಅಂತ ಗುಲ್ಲೆದ್ದಿತು. ಅವನ ಶವಯಾತ್ರೆಯ ದಿನವೇ ಸ್ಟಾಕ್‌ಹೋಮ್ ಬೀದಿಯಲ್ಲಿ ಜನ ಆಕ್ಸೆಲ್ ಫಾನ್ ಫೆರ್ಸನ್ ಅನ್ನುವ ದೊಡ್ಡ ಅಧಿಕಾರಿಯನ್ನು ಹೊಡೆದು ಕೊಂದರು. ವಿಷದ ಮಾತು ಬರೀ ಪುಕಾರು.

ಆಗ ಕಾರ್ಲ್ ಓಟೊ ಮೋರ್ನರ್ ಅನ್ನುವ ಲೆಫ್ಟಿನೆಂಟ್ ಒಬ್ಬ ಪ್ಯಾರಿಸ್‌ಗೆ ಹೋಗಿ, ನೆಪೋಲಿಯನ್‌ನ ಮಾರ್ಷಲ್ ಬರ್ನಡಾಟ್‌ನನ್ನು "ನೀವು ನಮ್ಮ ಯುವರಾಜರಾಗ್ತೀರಾ?" ಅಂತ ಕೇಳಿಬಿಟ್ಟ. ಹಾಗೆ ಕೇಳು ಅಂತ ಯಾರೂ ಅವನನ್ನು ಕಳಿಸಿರಲಿಲ್ಲ! ವಾಪಸ್ ಬಂದಾಗ ಸರ್ಕಾರ ಅವನನ್ನು ಬಂಧನದಲ್ಲಿಟ್ಟಿತು. ಆದರೆ ಐಡಿಯಾ ಹಿಡಿಸಿತು. 1806ರಲ್ಲಿ ಲ್ಯೂಬೆಕ್‌ನಲ್ಲಿ ಸೆರೆಸಿಕ್ಕ ಸ್ವೀಡಿಷ್ ಸೈನಿಕರನ್ನು ಬರ್ನಡಾಟ್ ಚೆನ್ನಾಗಿ ನೋಡಿಕೊಂಡಿದ್ದು ನೆನಪಿಗೆ ಬಂತು. 1810ರ ಆಗಸ್ಟ್ 21ರಂದು ಓರೆಬ್ರೂನಲ್ಲಿ ಸೇರಿದ್ದ ಸಂಸತ್ತು ಅವನನ್ನೇ ಆರಿಸಿತು. ಮುದಿ ರಾಜ ದತ್ತು ತೆಗೆದುಕೊಂಡ. 1818ರಿಂದ 1844ರ ತನಕ ಆಳಿದ ಈ ಮಹರಾಯ ಸ್ವೀಡಿಷ್ ಭಾಷೆ ಕಲಿಯಲೇ ಇಲ್ಲ. ಹೆಂಡತಿ ಡೆಸಿರೆ, ಒಂದು ಕಾಲಕ್ಕೆ ನೆಪೋಲಿಯನ್‌ಗೆ ನಿಶ್ಚಯವಾಗಿದ್ದವಳು, ಅಲ್ಲಿನ ಚಳಿ ತಡೆಯಲಾರದೆ ಪ್ಯಾರಿಸ್‌ಗೆ ಹೊರಟುಹೋದಳು. ತಿರುಗಿ ಬಂದಿದ್ದು 1823ರಲ್ಲಿ.

ಇಷ್ಟಾದರೂ ನೋಡಿ, 1813ರಲ್ಲಿ ಅವನು ತನ್ನ ಹಳೆಯ ಯಜಮಾನ ನೆಪೋಲಿಯನ್ ವಿರುದ್ಧವೇ ಸ್ವೀಡನ್ ಪರ ನಿಂತ. 1814ರಲ್ಲಿ ಯುದ್ಧ ಮಾಡಿ ನಾರ್ವೆಯನ್ನು ಸ್ವೀಡನ್ ಜೊತೆ ಸೇರಿಸಿಕೊಂಡ. ಅದು ಸ್ವೀಡನ್ ಮಾಡಿದ ಕೊನೆಯ ಯುದ್ಧ. ನನ್ನ ಲೆಕ್ಕದಲ್ಲಿ, ಹುಟ್ಟಿನಿಂದ ರಾಜನಾದವನಿಗಿಂತ ಕೆಲಸಕ್ಕೆ ಕರೆಸಿಕೊಂಡವನು ಇಲ್ಲಿ ವಾಸಿ.

ನಾರ್ವೆಯವರು ಇದನ್ನು ಇನ್ನೂ ಒಂದು ಹೆಜ್ಜೆ ಮುಂದೆ ಒಯ್ದರು. 1905ರಲ್ಲಿ ಸ್ವೀಡನ್‌ನಿಂದ ಬೇರೆಯಾದ ಮೇಲೆ ಡೆನ್ಮಾರ್ಕಿನ ರಾಜಕುಮಾರ ಕಾರ್ಲ್‌ನನ್ನು ಕರೆದರು. ಅವನು ಸುಮ್ನೆ ಬರಲಿಲ್ಲ. ಮೊದಲು ಜನರನ್ನು ಕೇಳಿ ಅಂದ. ಮತದಾನವಾಯಿತು. ಬೇಕು ಅಂದವರು 2,59,563, ಬೇಡ ಅಂದವರು 69,264. ಆಮೇಲೆಯೇ ಅವನು ಏಳನೇ ಹಾಕೂನ್ ಆಗಿದ್ದು. 1940ರಲ್ಲಿ ಜರ್ಮನ್ನರು ನುಗ್ಗಿ, ತಮ್ಮ ಪರವಿದ್ದ ನಾರ್ವೆಯ ರಾಜಕಾರಣಿ ಕ್ವಿಸ್ಲಿಂಗ್‌ನನ್ನು ಪ್ರಧಾನಿ ಮಾಡು ಅಂದಾಗ, ತನ್ನ ಮಂತ್ರಿಗಳಿಗೆ ಅವನು ಹೇಳಿದ್ದು ಇಷ್ಟು: ತೀರ್ಮಾನ ನಿಮ್ಮದು, ಆದರೆ ಒಪ್ಪುವುದಾದರೆ ನಾನು ಪಟ್ಟ ಬಿಡುತ್ತೇನೆ. ಮಂತ್ರಿಗಳು ಅವನ ಕಡೆಯೇ ನಿಂತರು. ಜನ ಕೊಟ್ಟ ಕೆಲಸ ಅಂತ ಗೊತ್ತಿದ್ದವನಿಗೇ ರಾಜೀನಾಮೆಯ ಮಾತು ಅಷ್ಟು ಸಲೀಸಾಗಿ ಬಂದಿದ್ದು ಅಂತ ನನಗನಿಸುತ್ತದೆ.

ಒಂದು ತಕರಾರು ಮಾತ್ರ ನನ್ನ ತಲೆಯಿಂದ ಹೋಗುವುದಿಲ್ಲ. ಹಾಕೂನ್ ಕೇಳಿದ ಪ್ರಶ್ನೆಯನ್ನು ಅವನ ಮಗ ಓಲಾವ್ ಪಟ್ಟಕ್ಕೆ ಬಂದಾಗ ಮತ್ತೆ ಜನರ ಮುಂದಿಡಲಿಲ್ಲ. ಮೊಮ್ಮಗ ಹರಾಲ್ಡ್ ಬಂದಾಗಲೂ ಇಲ್ಲ. ಇನ್ನು ಆ 1905ರ ಮತದಾನ ಇದೆಯಲ್ಲ, ಅದರಲ್ಲಿ ಓಟು ಹಾಕಿದ್ದು ಗಂಡಸರು ಮಾತ್ರ.