ಬ್ರೇಕ್ ಇಲ್ಲದ ತೋಪುಗಾಡಿ

ಕೇಳುಗರಿಗೆ ನಮಸ್ಕಾರ.

ಕುಶಾಲತೋಪು ಅಂದ ಕೂಡಲೇ ನಮಗೆ ಮೈಸೂರು ದಸರಾ ನೆನಪಾಗುತ್ತದೆ. ಸದ್ದಿಗೆ ಆನೆ, ಕುದುರೆಗಳು ಬೆದರಬಾರದು ಅಂತ ಮೊದಲೇ ತಾಲೀಮು ನಡೆಸುತ್ತಾರೆ, ಅಲ್ವಾ? ಲಂಡನ್ನಿನಲ್ಲಿ ತೋಪನ್ನು ಎಳೆದು ತರುವುದೇ ಕುದುರೆಗಳು. ಆ ತುಕಡಿಯ ಹೆಸರು ಕಿಂಗ್ಸ್ ಟ್ರೂಪ್.

ಇದು ಬ್ರಿಟಿಷ್ ಸೈನ್ಯದ ಕುದುರೆ ತೋಪುದಳ ರಾಯಲ್ ಹಾರ್ಸ್ ಆರ್ಟಿಲರಿಗೆ ಸೇರಿದ್ದು. ಆ ದಳ ಹುಟ್ಟಿದ್ದು 1793ರಲ್ಲಿ. ಓಡುವ ಕುದುರೆ ಸವಾರರ ಸಮಕ್ಕೆ ತೋಪೂ ಓಡಬೇಕು, ಅದಕ್ಕಾಗಿ. ಆಮೇಲೆ ಮೋಟಾರು ಬಂತು, ಕುದುರೆಗಳು ಹೋದವು. ಆದರೂ ಒಂದು ತುಕಡಿಯಾದರೂ ಉಳಿಯಲಿ ಅಂತ ದೊರೆ ಆರನೇ ಜಾರ್ಜ್ ಆಸೆಪಟ್ಟರು. 1946ರಲ್ಲಿ ರೈಡಿಂಗ್ ಟ್ರೂಪ್ ಶುರುವಾಯಿತು. ಮರುವರ್ಷ ನೋಡಲು ಬಂದ ದೊರೆ, ಅತಿಥಿಗಳ ಪುಸ್ತಕದಲ್ಲಿ 'ರೈಡಿಂಗ್' ಅನ್ನುವ ಪದ ಹೊಡೆದುಹಾಕಿ 'ಕಿಂಗ್ಸ್' ಅಂತ ಬರೆದರು. ಮಗಳು ಎಲಿಜಬೆತ್ ರಾಣಿಯಾದಾಗ ಅದನ್ನು 'ಕ್ವೀನ್ಸ್' ಮಾಡಲಿಲ್ಲ. ಅಪ್ಪನ ನೆನಪಿಗೆ ಹಾಗೇ ಉಳಿಸಿದರು.

ಒಂದು ತೋಪಿಗೆ ಆರು ಕುದುರೆ, ಮೂವರು ಸವಾರರು. ಜೋಡಿಯ ಎಡಗಡೆ ಕುದುರೆಯ ಮೇಲೆ ಸವಾರ. ಬಲಗಡೆಯದನ್ನೂ ಅವರೇ ನಡೆಸಬೇಕು. ತೋಪುಗಳೋ, ಮೊದಲ ಮಹಾಯುದ್ಧದ ಕಾಲದ '13 ಪೌಂಡರ್' ಅನ್ನುವ ಜಾತಿಯವು. ಒಂದೊಂದೂ ಟನ್ನಿಗಿಂತ ಜಾಸ್ತಿ ತೂಕ. ಗಾಡಿಗೆ ಬ್ರೇಕ್ ಇಲ್ಲ! ಹಿಂದಿನ ಜೋಡಿ ಹಿಂಗಾಲು ಊರಿ, ಮೈಯೊಡ್ಡಿ ಭಾರ ತಡೆದರೆ ಮಾತ್ರ ನಿಲ್ಲುತ್ತದೆ. ಪ್ರದರ್ಶನದಲ್ಲಿ ಇಂಥ ಗಾಡಿಗಳು ನಾಗಾಲೋಟದಲ್ಲಿ ಎದುರುಬದುರಾಗಿ ಬಂದು, ಕತ್ತರಿಯ ಹಾಗೆ ಒಂದರ ನಡುವೆ ಒಂದು ಹಾದುಹೋಗುತ್ತವೆ. ನನಗೆ ಆ ಓಟಕ್ಕಿಂತ ಹಿಂದಿನ ಜೋಡಿಯ ಮೇಲೆ ಪ್ರೀತಿ. ಯಾರ ಕಣ್ಣೂ ಅದರ ಮೇಲೆ ನಿಲ್ಲುವುದಿಲ್ಲ.

ಕುದುರೆಗಳಿಗೆ ಒಮ್ಮೆ ಒಂದು ಗೌರವ ತಪ್ಪಿಹೋಯಿತು. 1901ರ ಫೆಬ್ರವರಿ ಚಳಿಯಲ್ಲಿ, ವಿಂಡ್ಸರ್‌ನಲ್ಲಿ, ವಿಕ್ಟೋರಿಯಾ ರಾಣಿಯ ಶವಪೆಟ್ಟಿಗೆಯಿದ್ದ ತೋಪುಗಾಡಿ ಎಳೆಯಲು ಹಾರ್ಸ್ ಆರ್ಟಿಲರಿಯ ಕುದುರೆಗಳು ನಿಂತಿದ್ದವು. ಹೊರಡುವಾಗ, ಕುದುರೆಗಳನ್ನು ಗಾಡಿಗೆ ಕಟ್ಟಿದ್ದ ಕಡೆ ಮುರಿಯಿತು. ಅಲ್ಲಿದ್ದ ನೌಕಾಪಡೆಯವರು ಹಗ್ಗ ಹಿಡಿದು ತಾವೇ ಎಳೆದರು. ಅಂದಿನಿಂದ ರಾಜಮನೆತನದ ದೊಡ್ಡ ಅಂತ್ಯಕ್ರಿಯೆಗಳಲ್ಲಿ ಗಾಡಿ ಎಳೆಯುವುದು ನಾವಿಕರ ಪದ್ಧತಿಯಾಯಿತು.

2022ರ ಸೆಪ್ಟೆಂಬರ್ 19ರಂದು ಎಲಿಜಬೆತ್ ರಾಣಿಯ ಅಂತ್ಯಕ್ರಿಯೆಯಲ್ಲೂ ನಾವಿಕರೇ ಎಳೆದರು. ಆದರೆ ಅದಕ್ಕೆ ಐದು ದಿನ ಮೊದಲು, 14ರಂದು, ಅರಮನೆಯಿಂದ ವೆಸ್ಟ್‌ಮಿನ್‌ಸ್ಟರ್ ಹಾಲಿಗೆ ಅವರನ್ನು ಕರೆದೊಯ್ದದ್ದು ಕಿಂಗ್ಸ್ ಟ್ರೂಪ್‌ನ ಕುದುರೆಗಳು. ಆ ದಿನ ಅವು ಎಳೆದ ತೋಪುಗಾಡಿಯೇ 1952ರಲ್ಲಿ ಸ್ಯಾಂಡ್ರಿಂಗ್‌ಹ್ಯಾಮ್‌ನಲ್ಲಿ ಅವರ ಅಪ್ಪನ ಶವಪೆಟ್ಟಿಗೆಯನ್ನೂ ಹೊತ್ತಿತ್ತು.

ನಮಸ್ಕಾರ.