ಅಪ್ಪನ ಡ್ಯೂಟಿ, ಮಗನ ಕೈಯಲ್ಲಿ ಮೈಕು

ನಮಸ್ಕಾರ. ರಜೆ ಬಂತು ಅಂದರೆ ಮಗುವನ್ನು ಒಂದು ದಿನ ಕೆಲಸದ ಜಾಗಕ್ಕೆ ಕರೆದುಕೊಂಡು ಹೋಗುವುದು ನಮ್ಮಲ್ಲಿ ಹೊಸದೇನಲ್ಲ. ಅಂಗಡಿಯವರ ಮಕ್ಕಳು ಗಲ್ಲಾಪೆಟ್ಟಿಗೆ ಪಕ್ಕದಲ್ಲೇ ಬೆಳೆಯುತ್ತಾರೆ. ಆದರೆ ಅಪ್ಪನ ಕೆಲಸ ವಿಮಾನ ಹಾರಿಸುವುದೋ, ವಿಮಾನಗಳಿಗೆ ದಾರಿ ಬಿಡುವುದೋ ಆಗಿದ್ದರೆ?

2010ರ ಫೆಬ್ರವರಿ, ನ್ಯೂಯಾರ್ಕಿನ ಜೆಎಫ್‌ಕೆ ನಿಲ್ದಾಣ. ಶಾಲೆಗಳಿಗೆ ರಜೆ. ಕಂಟ್ರೋಲ್ ಟವರಿನ ಕಂಟ್ರೋಲರ್ ಒಬ್ಬರು ತಮ್ಮ ಪುಟ್ಟ ಮಗನನ್ನು ಕರೆತಂದು, ಟೇಕಾಫ್‌ಗೆ ಅನುಮತಿ ಕೊಡುವ ಮಾತನ್ನು ಅವನ ಬಾಯಲ್ಲೇ ರೇಡಿಯೋದಲ್ಲಿ ಹೇಳಿಸಿದರು. ಮಾರನೇ ದಿನ ಮಗಳ ಸರದಿ. ಪೈಲಟ್‌ಗಳಿಗೂ ಖುಷಿಯಾಯಿತು, ಯಾರಿಗೂ ಏನೂ ಆಗಲಿಲ್ಲ. ಧ್ವನಿಮುದ್ರಣ ಹೊರಬಿದ್ದ ಮೇಲೆ ಕಂಟ್ರೋಲರನ್ನೂ ಮೇಲ್ವಿಚಾರಕರನ್ನೂ ಕೆಲಸದಿಂದ ದೂರ ಇಟ್ಟರು.

ಅಪ್ಪ ಹೇಳಿಕೊಟ್ಟಿದ್ದನ್ನು ತಾನೇ ಹುಡುಗ ಹೇಳಿದ್ದು, ಅದಕ್ಕೆ ಇಷ್ಟು ಗಲಾಟೆಯಾ ಅನ್ನುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಕಂಟ್ರೋಲರ್ ಹೇಳಿದ್ದನ್ನು ಪೈಲಟ್ ತಿರುಗಿ ಹೇಳಬೇಕು, ಅದನ್ನು ಕಂಟ್ರೋಲರ್ ಕಿವಿಗೊಟ್ಟು ಕೇಳಿ, ತಪ್ಪಿದ್ದರೆ ತಕ್ಷಣ ತಿದ್ದಬೇಕು. ಹೇಳುವುದನ್ನು ಮಗು ಮಾಡಬಹುದು. ಕೇಳುವುದನ್ನು? ಮಗನನ್ನೇ ಹೆಮ್ಮೆಯಿಂದ ನೋಡುತ್ತಿರುವ ಅಪ್ಪನ ಕಿವಿ ಆ ಹೊತ್ತಿಗೆ ಎಲ್ಲಿರುತ್ತದೆ, ಹೇಳಿ.

1994ರ ಮಾರ್ಚ್ 23ರದ್ದು ನೆನೆದರೆ ಈಗಲೂ ಸಂಕಟವಾಗುತ್ತದೆ. ಏರೋಫ್ಲಾಟ್‌ನ ಏರ್‌ಬಸ್ ಎ310 ಮಾಸ್ಕೋದಿಂದ ಹಾಂಗ್‌ಕಾಂಗ್‌ಗೆ ಹೊರಟಿತ್ತು. ಕ್ಯಾಪ್ಟನ್ ಯಾರೊಸ್ಲಾವ್ ಕುದ್ರಿನ್ಸ್ಕಿ ತಮ್ಮ ಇಬ್ಬರು ಮಕ್ಕಳನ್ನು ಕಾಕ್‌ಪಿಟ್‌ಗೆ ಕರೆದು, ಒಬ್ಬೊಬ್ಬರನ್ನಾಗಿ ತಮ್ಮ ಸೀಟಿನಲ್ಲೇ ಕೂರಿಸಿದರು. ವಿಮಾನವನ್ನು ತಾನಾಗಿಯೇ ಹಾರಿಸುವ ಆಟೋಪೈಲಟ್ ಇದೆಯಲ್ಲ, ಏನೂ ಆಗಲ್ಲ ಅನ್ನುವ ಧೈರ್ಯ. ಮಗಳ ಸರದಿ ಸುಸೂತ್ರವಾಗಿ ಮುಗಿಯಿತು. ಹದಿಹರೆಯದ ಮಗ ಮಾತ್ರ ಕಂಟ್ರೋಲ್ ಹಿಡಿಯನ್ನು ಅರ್ಧ ನಿಮಿಷದಷ್ಟು ಹೊತ್ತು ಬಲವಾಗಿ ತಿರುಗಿಸಿ ಹಿಡಿದಾಗ, ವಿಮಾನದ ವಾಲಿಕೆಯನ್ನು ನೋಡಿಕೊಳ್ಳುವ ಕೆಲಸವನ್ನಷ್ಟೇ ಆಟೋಪೈಲಟ್ ಬಿಟ್ಟುಬಿಟ್ಟಿತು. ಸದ್ದಿಲ್ಲ, ಬರೀ ಒಂದು ದೀಪ. ಸದ್ದು ಮಾಡಿ ಎಚ್ಚರಿಸುವ ರಷ್ಯನ್ ವಿಮಾನಗಳಿಗೆ ಒಗ್ಗಿದ್ದ ಪೈಲಟ್‌ಗಳು ಅದನ್ನು ಗಮನಿಸಲಿಲ್ಲ. ಇದು ಯಾಕೆ ತಿರುಗುತ್ತಿದೆ ಅಂತ ಮೊದಲು ಕೇಳಿದ್ದು ಆ ಹುಡುಗನೇ! ವಿಮಾನ ಸೈಬೀರಿಯಾದ ಕಾಡಿನಲ್ಲಿ ಬಿತ್ತು. 75 ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ಆ ಹುಡುಗನದು ತಪ್ಪು ಅಂತ ನಾನು ಯಾವತ್ತೂ ಹೇಳುವುದಿಲ್ಲ. ಕೂತುಕೋ ಅಂದರು, ಕೂತ. ತಿರುಗಿಸು ಅಂದರೆ ಯಾವ ಮಗು ತಾನೇ ಬೇಡ ಅನ್ನುತ್ತದೆ?

ಹಾಗಂತ ಮಕ್ಕಳಿಗೆ ಏನೂ ತೋರಿಸಬೇಡಿ ಅಂತಲ್ಲ. ವಿಮಾನದ ಹುಚ್ಚು ಹತ್ತುವುದೇ ಆ ವಯಸ್ಸಿನಲ್ಲಿ, ಅಲ್ವಾ? ಬೆಂಗಳೂರಿನ ಎಚ್‌ಎಎಲ್ ಸಂಗ್ರಹಾಲಯದಲ್ಲಿ ನೆಲದ ಮೇಲೇ ವಿಮಾನ ಹಾರಿಸಿದ ಅನುಭವ ಕೊಡುವ ಸಿಮ್ಯುಲೇಟರ್ ಇದೆ, ಹಳೆಯ ವಿಮಾನಗಳಿವೆ. ಕರೆದುಕೊಂಡು ಹೋಗಿ, ಎಷ್ಟು ಹೊತ್ತು ಬೇಕಾದರೂ ನೋಡಲಿ, ಮನಸ್ಸಿಗೆ ಬಂದಷ್ಟು ಪ್ರಶ್ನೆ ಕೇಳಲಿ. ಅಲ್ಲಿ ನಿಮ್ಮ ಗಮನ ಪೂರ್ತಿ ಮಗುವಿನ ಮೇಲೇ ಇರಬಹುದು. ಡ್ಯೂಟಿಯಲ್ಲಿರುವಾಗ ಅದು ಸಾಧ್ಯವಿಲ್ಲ.